ಹೆಸರು ಮತ್ತು ಸಂಬಂಧ: ಕಲ್ಲುಹೂವಿನ ವರ್ಗೀಕರಣ ಚರಿತ್ರೆಯ ಒಂದು ಅವಲೋಕನ

1. ಪ್ರಸ್ತಾವನೆ

ಜೀವವಿಜ್ಞಾನದ ಪಠ್ಯಗ್ರಂಥಗಳಲ್ಲಿ ವರ್ಗೀಕರಣದ ವಿಚಾರ ಸಾಮಾನ್ಯವಾಗಿ ಮೊದಲ ಅಧ್ಯಾಯಗಳಲ್ಲಿಯೂ ಜೀವಿಗಳ ಪರಸ್ಪರ ಸಂಬಂಧಗಳ ವಿಚಾರ ಕೊನೆಯ ಅಧ್ಯಾಯಗಳಲ್ಲಿಯೂ ಬರುತ್ತದೆ. ಮೊದಲು ಜೀವಿಗಳನ್ನು ಬೇರೆಬೇರೆಯಾಗಿ ಗುರುತಿಸಿ ಹೆಸರಿಡಬೇಕು, ಆಮೇಲೆ ಅವುಗಳ ನಡುವಣ ಕೊಡುಕೊಳೆಯನ್ನು ವಿವರಿಸಬೇಕು ಎಂಬ ಕ್ರಮ ಇದರಿಂದ ಸಹಜವೆನ್ನಿಸುತ್ತದೆ. ಬಹುಪಾಲು ಜೀವಿಗಳ ಮಟ್ಟಿಗೆ ಈ ಕ್ರಮಕ್ಕೆ ಅಡ್ಡಿಯಿಲ್ಲ. ಹುಲಿಯನ್ನೂ ಜಿಂಕೆಯನ್ನೂ ಬೇರೆಯಾಗಿ ಹೆಸರಿಸಿದ ಮೇಲೆಯೇ ಒಂದು ಇನ್ನೊಂದನ್ನು ತಿನ್ನುತ್ತದೆ ಎಂದು ಹೇಳಲು ಸಾಧ್ಯ. ಆದರೆ ಈ ಎರಡು ಕೆಲಸಗಳನ್ನು ಬೇರ್ಪಡಿಸಲು ಬಾರದ ಒಂದು ಸಂದರ್ಭ ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಸಸ್ಯವಿಜ್ಞಾನದಲ್ಲಿ ಎದುರಾಯಿತು. ಅದು ಕಲ್ಲುಹೂವಿನ, ಎಂದರೆ ಲೈಕೆನ್‌ಗಳ, ಸಂದರ್ಭ.

ಒಂದು ಸಸ್ಯವೆಂದು ಶತಮಾನಗಳ ಕಾಲ ಹೆಸರಿಸುತ್ತ ಬಂದದ್ದು ವಾಸ್ತವವಾಗಿ ಎರಡು ಜೀವಿಗಳ ಕೂಟವೆಂದು 1860ರ ದಶಕದ ಕೊನೆಯಲ್ಲಿ ತಿಳಿದುಬಂದಾಗ, ಹೆಸರಿನ ಪ್ರಶ್ನೆಯೂ ಸಂಬಂಧದ ಪ್ರಶ್ನೆಯೂ ಒಂದರೊಳಗೊಂದು ಹೆಣೆದುಕೊಂಡವು. ಇಂದು ನಾವು ಪಠ್ಯಗಳಲ್ಲಿ ಓದುವ ‘ಸಹಜೀವನ’ ಎಂಬ ಪರಿಕಲ್ಪನೆಯು ಅದರ ಈಗಿನ ರೂಪಕ್ಕೆ ಬಂದುದರಲ್ಲಿ ಈ ವಾಗ್ವಾದದ ಪಾಲು ದೊಡ್ಡದು. ಈ ಚರಿತ್ರೆಯ ಮುಖ್ಯ ಘಟ್ಟಗಳನ್ನು ಗುರುತಿಸುವುದು, ಅದರಿಂದ ಕನ್ನಡದ ಪಾರಿಭಾಷಿಕ ಶಬ್ದಗಳ ಬಗೆಗೆ ಏನು ತಿಳಿಯುತ್ತದೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಲೇಖನದಲ್ಲಿ ‘ಪ್ರಭೇದ’ವೆಂದರೆ ವರ್ಗೀಕರಣದ ಮೂಲಘಟಕ, ‘ಜಾತಿ’ಯೆಂದರೆ ಹತ್ತಿರದ ಪ್ರಭೇದಗಳ ಗುಂಪು ಎಂದು ತಿಳಿಯಬೇಕು.

2. ಲೋಕರೂಢಿಯ ಹೆಸರುಗಳು

ಹೊರನಾಡ ಕನ್ನಡಿಗರಿಗೆ ಕಲ್ಲುಹೂವು ಅಪರಿಚಿತ ವಸ್ತುವಲ್ಲ. ಹೈದರಾಬಾದಿನ ಪೊಟ್ಲಿ ಮಸಾಲೆಯಲ್ಲಿ, ಪುಣೆಯ ಗೋಡಾ ಮಸಾಲೆಯಲ್ಲಿ, ಚೆಟ್ಟಿನಾಡಿನ ಅಡುಗೆಯಲ್ಲಿ ಇದು ಬಳಕೆಯಾಗುತ್ತದೆ. ಮೇಲೆ ಬೂದಿ ಬಣ್ಣ, ಅಡಿಯಲ್ಲಿ ಕಪ್ಪು ಬಣ್ಣವಿರುವ, ಒಣಗಿದ ಸುರುಳಿ ಎಲೆಗಳಂತೆ ಕಾಣುವ ಈ ಪದಾರ್ಥಕ್ಕೆ ಮರಾಠಿಯಲ್ಲಿ ‘ದಗಡಫೂಲ್’, ಹಿಂದಿಯಲ್ಲಿ ‘ಪತ್ಥರ್ ಫೂಲ್’ ಅಥವಾ ‘ಛಡೀಲಾ’, ತೆಲುಗಿನಲ್ಲಿ ‘ರಾತಿಪುವ್ವು’, ತಮಿಳಿನಲ್ಲಿ ‘ಕಲ್ಪಾಸಿ’ ಎಂಬ ಹೆಸರುಗಳಿವೆ. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ‘ಶೈಲೇಯ’, ‘ಶಿಲಾಪುಷ್ಪ’ ಎಂದು ಕರೆಯುತ್ತವೆ.

ಈ ಹೆಸರುಗಳಲ್ಲಿಯೂ ಒಂದು ವರ್ಗೀಕರಣವಿದೆ. ಕನ್ನಡ, ಮರಾಠಿ, ತೆಲುಗು ಹೆಸರುಗಳು ಇದನ್ನು ಹೂವೆಂದು ಭಾವಿಸಿವೆ. ತಮಿಳಿನ ಹೆಸರು ಇದನ್ನು ಪಾಚಿಯೊಡನೆ ಸೇರಿಸಿದೆ. ಛಡೀಲಾ ಒಂದನ್ನು ಬಿಟ್ಟರೆ ಇವೆಲ್ಲವೂ ಇದು ಕಲ್ಲಿಗೆ ಸೇರಿದ್ದೆಂಬುದನ್ನು ಒಪ್ಪುತ್ತವೆ. ಮಾರುಕಟ್ಟೆಗೆ ಬರುವ ಕಲ್ಲುಹೂವಿನ ಬಹುಭಾಗವನ್ನು ಹಿಮಾಲಯದ ಹಾಗೂ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಬಂಡೆಗಳಿಗಿಂತ ಹೆಚ್ಚಾಗಿ ಮರಗಳ ತೊಗಟೆಯಿಂದಲೇ ಸಂಗ್ರಹಿಸುತ್ತಾರೆ ಎಂಬ ಸಂಗತಿ ಹೆಸರಿಗೆ ಬಾಧಕವಾಗಿಲ್ಲ. ಮಾತ್ರವಲ್ಲ, ಒಂದೇ ಹೆಸರಿನಲ್ಲಿ ಮಾರಾಟವಾಗುವ ಒಂದು ಹಿಡಿ ಕಲ್ಲುಹೂವಿನಲ್ಲಿ ಹಲವು ಪ್ರಭೇದಗಳು ಬೆರೆತಿರುವುದುಂಟು. ಅವುಗಳಲ್ಲಿ ಪ್ರಸಿದ್ಧವಾದುದು ಪಾರ್ಮೊಟ್ರೀಮ ಪರ್ಲೇಟಮ್. ಈ ವೈಜ್ಞಾನಿಕ ಹೆಸರಿನ ಹಿಂದೆಯೇ ಒಂದು ಚರಿತ್ರೆಯಿದೆ. 1762ರಲ್ಲಿ ಇಂಗ್ಲೆಂಡಿನ ವಿಲಿಯಂ ಹಡ್ಸನ್ ಇದನ್ನು ಲೈಕೆನ್ ಪರ್ಲೇಟಸ್ ಎಂದು ಕರೆದನು. 1803ರಲ್ಲಿ ಸ್ವೀಡನ್ನಿನ ಅಕೇರಿಯಸ್ ಪಾರ್ಮೀಲಿಯ ಎಂಬ ಜಾತಿಗೆ ಸೇರಿಸಿದನು. 1952ರಲ್ಲಿ ಫ್ರಾನ್ಸಿನ ಷ್ವಾಸಿಯಿಂದ ಈಗಿನ ಹೆಸರು ಬಂದಿತು. ಹಡ್ಸನ್ನನೂ ಅಕೇರಿಯಸನೂ ಒಂದು ಸಸ್ಯಕ್ಕೆ ಹೆಸರಿಡುತ್ತಿದ್ದೇವೆಂದೇ ತಿಳಿದಿದ್ದರು. 1952ರ ಹೊತ್ತಿಗೆ ಅದೇ ಹೆಸರು ಯಾವುದನ್ನು ಸೂಚಿಸುತ್ತದೆಂಬುದು ಬದಲಾಗಿತ್ತು. ಈ ಬದಲಾವಣೆ ಹೇಗಾಯಿತೆಂಬುದನ್ನು ಮುಂದೆ ನೋಡಬಹುದು.

3. ಲಿನೇಯಸ್‌ನಿಂದ ಅಕೇರಿಯಸ್‌ವರೆಗೆ

‘ಲೈಕೆನ್’ ಗ್ರೀಕ್ ಮೂಲದ ಶಬ್ದ. ಚರ್ಮದ ಮೇಲೆ ಹಬ್ಬುವ ಒಂದು ಬಗೆಯ ರೋಗಕ್ಕೂ ಇದೇ ಹೆಸರಿತ್ತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಟೂರ್ನಫೋರ್ ಇದನ್ನು ಒಂದು ಜಾತಿಯ ಹೆಸರಾಗಿ ಬಳಸಿದನು. 1729ರಲ್ಲಿ ಫ್ಲಾರೆನ್ಸಿನ ಮಿಕೇಲಿ ಲೈಕೆನ್‌ಗಳನ್ನು ಹಲವು ಗುಂಪುಗಳಾಗಿ ವಿಂಗಡಿಸಿದನು. 1741ರಲ್ಲಿ ಆಕ್ಸ್‌ಫರ್ಡಿನ ಡಿಲೇನಿಯಸ್ ಹಾವಸೆಗಳನ್ನು ಕುರಿತ ತನ್ನ ಗ್ರಂಥದಲ್ಲಿಯೇ ಅವನ್ನೂ ಸೇರಿಸಿಕೊಂಡನು.

1753ರಲ್ಲಿ ಪ್ರಕಟವಾದ ‘ಸ್ಪೀಷೀಸ್ ಪ್ಲಾಂಟೇರಮ್’ ಗ್ರಂಥದಲ್ಲಿ ಲಿನೇಯಸ್ ಆಗ ತಾನು ಬಲ್ಲ ಸುಮಾರು 80 ಲೈಕೆನ್‌ಗಳನ್ನು ಲೈಕೆನ್ ಎಂಬ ಒಂದೇ ಜಾತಿಯಲ್ಲಿಟ್ಟು, ಆ ಜಾತಿಯನ್ನು ಹೂವಿಲ್ಲದ ಸಸ್ಯಗಳ ವರ್ಗದಲ್ಲಿ ಶೈವಲಗಳೊಂದಿಗೆ ಸೇರಿಸಿದನು. ಅವನ ಪದ್ಧತಿಯು ಹೂವಿನ ಕೇಸರ, ಶಲಾಕೆಗಳ ಎಣಿಕೆಯ ಮೇಲೆ ನಿಂತಿತ್ತು. ಹೂವೇ ಇಲ್ಲದ ಜೀವಿಗಳ ವಿಷಯದಲ್ಲಿ ಆ ಪದ್ಧತಿಗೆ ಹಿಡಿತವಿರಲಿಲ್ಲ. ಆದ್ದರಿಂದ ಈ ಭಾಗ ಅವನ ಕೃತಿಯಲ್ಲಿ ದುರ್ಬಲವಾಗಿಯೇ ಉಳಿಯಿತು.

ಈ ಕೊರತೆಯನ್ನು ತುಂಬಿದವನು ಎರಿಕ್ ಅಕೇರಿಯಸ್ (1757-1819). ಲಿನೇಯಸ್‌ನ ಅಧ್ಯಕ್ಷತೆಯಲ್ಲಿ ಪ್ರಬಂಧವನ್ನು ಸಮರ್ಥಿಸಿದ ಕೊನೆಯ ವಿದ್ಯಾರ್ಥಿ ಇವನೇ. ವೃತ್ತಿಯಿಂದ ವೈದ್ಯನಾಗಿದ್ದ ಈತ ಸ್ವೀಡನ್ನಿನ ವಾಡ್‌ಸ್ಟೇನಾ ಎಂಬ ಊರಿನಲ್ಲಿದ್ದುಕೊಂಡು 1803, 1810 ಮತ್ತು 1814ರಲ್ಲಿ ಮೂರು ಮುಖ್ಯ ಗ್ರಂಥಗಳನ್ನು ಪ್ರಕಟಿಸಿದನು. ಲಿನೇಯಸ್‌ನ ಒಂದು ಜಾತಿ ಅವನ ಕೈಯಲ್ಲಿ ಹಲವಾರು ಜಾತಿಗಳಾಗಿ ಒಡೆಯಿತು. ಲೈಕೆನ್‌ನ ದೇಹಕ್ಕೆ ‘ಥ್ಯಾಲಸ್’, ಬಟ್ಟಲಿನಂತಹ ಫಲಾಂಗಕ್ಕೆ ‘ಅಪೊಥೀಸಿಯಮ್’ ಮೊದಲಾದ ಪರಿಭಾಷೆಗಳು ಇವನಿಂದ ಚಲಾವಣೆಗೆ ಬಂದವು. ಒಂದು ಶಾಸ್ತ್ರಕ್ಕೆ ತನ್ನದೇ ಆದ ಪರಿಭಾಷೆ ದೊರೆತಾಗ ಅದರ ವಿಷಯವಸ್ತುವೂ ಸ್ವತಂತ್ರವೆಂಬ ಭಾವನೆ ಬಲಿಯುತ್ತದೆ. ಅಕೇರಿಯಸ್‌ನ ನಂತರದ ಎರಡು ತಲೆಮಾರುಗಳಿಗೆ ಲೈಕೆನ್‌ಗಳು ಶೈವಲಗಳೂ ಅಲ್ಲ, ಶಿಲೀಂಧ್ರಗಳೂ ಅಲ್ಲ, ಅವೆರಡರ ನಡುವೆ ನಿಲ್ಲುವ ಪ್ರತ್ಯೇಕ ವರ್ಗವೆಂಬುದು ಪ್ರಶ್ನಾತೀತವಾಗಿತ್ತು.

ಈ ಅವಧಿಯಲ್ಲಿ ಸೂಕ್ಷ್ಮದರ್ಶಕದ ಬಳಕೆ ಹೆಚ್ಚಿದಂತೆ ಲೈಕೆನ್‌ನ ಒಳರಚನೆ ಸ್ಪಷ್ಟವಾಗತೊಡಗಿತು. ಬಣ್ಣವಿಲ್ಲದ ಎಳೆಗಳ ಹೆಣಿಗೆ, ಅದರ ನಡುವೆ ಹಸಿರು ಕಣಗಳ ಒಂದು ಪದರ. ಈ ಕಣಗಳಿಗೆ ಜರ್ಮನಿಯ ವಾಲ್‌ರೋತ್ 1825ರಲ್ಲಿ ‘ಗೊನಿಡಿಯ’ ಎಂಬ ಹೆಸರನ್ನು ಕೊಟ್ಟು ಅವು ಲೈಕೆನ್‌ನ ಸಂತಾನೋತ್ಪತ್ತಿಯ ಅಂಗಗಳೆಂದು ತಿಳಿದನು. ಎಳೆಗಳಿಂದಲೇ ಗೊನಿಡಿಯಗಳು ಹುಟ್ಟುತ್ತವೆಂಬ ಅಭಿಪ್ರಾಯ ಮುಂದೆ ರೂಢವಾಯಿತು. ಎಳೆಗಳು ಶಿಲೀಂಧ್ರದಂತೆಯೂ ಕಣಗಳು ಶೈವಲದಂತೆಯೂ ಕಾಣುತ್ತಿದ್ದುದನ್ನು ಎಲ್ಲರೂ ಬಲ್ಲವರಾಗಿದ್ದರು. ಆದರೆ ಒಂದು ಸಸ್ಯದ ಎರಡು ಭಾಗಗಳು ಬೇರೆ ಎರಡು ಗುಂಪುಗಳನ್ನು ಹೋಲುವುದರಲ್ಲಿ ವಿರೋಧವೇನೂ ಅವರಿಗೆ ಕಾಣಲಿಲ್ಲ. ಅದು ನಡುವಣ ವರ್ಗಕ್ಕೆ ತಕ್ಕ ಲಕ್ಷಣವೆಂದೇ ತೋರಿತು.

4. ಷ್ವೆಂಡನರ್‌ನ ಸಿದ್ಧಾಂತ

1866ರಲ್ಲಿ ಜರ್ಮನ್ ಸಸ್ಯವಿಜ್ಞಾನಿ ಆಂಟನ್ ದ ಬಾರಿ (1831-1888) ಶಿಲೀಂಧ್ರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಒಂದು ಸಂದೇಹವನ್ನು ಎತ್ತಿದನು. ಅಂಟಿನಂತಹ ದೇಹವುಳ್ಳ ಕೆಲವು ಲೈಕೆನ್‌ಗಳ ವಿಷಯದಲ್ಲಿ ಅವನಿಗೆ ಎರಡು ಸಾಧ್ಯತೆಗಳು ಕಂಡವು. ನೀರಿನಲ್ಲಿ ಬೆಳೆಯುವ ನಾಸ್ಟಾಕ್‌ನಂತಹ ನೀಲಿ-ಹಸಿರು ಶೈವಲಗಳು ಆ ಲೈಕೆನ್‌ಗಳ ಅಪೂರ್ಣ ಅವಸ್ಥೆಗಳಿರಬೇಕು. ಇಲ್ಲವೇ ಅವು ನಿಜವಾದ ಶೈವಲಗಳೇ ಆಗಿದ್ದು, ಪರಾವಲಂಬಿ ಶಿಲೀಂಧ್ರವೊಂದು ಒಳಹೊಕ್ಕುದರಿಂದ ಲೈಕೆನ್‌ನ ರೂಪವನ್ನು ತಳೆದಿರಬೇಕು. ಇವೆರಡರಲ್ಲಿ ಯಾವುದು ಸರಿಯೆಂದು ಅವನು ತೀರ್ಮಾನಿಸಲಿಲ್ಲ. ಮರುವರ್ಷ ರಷ್ಯದ ಫಾಮಿಂತ್ಸಿನ್ ಮತ್ತು ಬರನೆತ್ಸ್ಕಿ ಎಂಬವರು ಲೈಕೆನ್‌ನಿಂದ ಹಸಿರು ಕಣಗಳನ್ನು ಬೇರ್ಪಡಿಸಿ ಸ್ವತಂತ್ರವಾಗಿ ಬೆಳೆಸಿದರು. ಅವು ಶೈವಲಗಳಂತೆ ಚಲಿಸುವ ಬೀಜಕಗಳನ್ನು ಬಿಟ್ಟವು. ಇದರಿಂದ ಅವರು ಮಾಡಿದ ತೀರ್ಮಾನ ಇಂದಿನವರಿಗೆ ತಲೆಕೆಳಗಾಗಿ ಕಾಣಬಹುದು. ಸ್ವತಂತ್ರವೆಂದು ತಿಳಿದಿದ್ದ ಶೈವಲಗಳೇ ಲೈಕೆನ್‌ಗಳ ಒಂದು ಅವಸ್ಥೆ ಎಂದು ಅವರು ಭಾವಿಸಿದರು. ಒಂದೇ ಸಾಕ್ಷ್ಯ ಎರಡು ವಿರುದ್ಧ ವರ್ಗೀಕರಣಗಳಿಗೆ ಆಧಾರವಾಗಬಲ್ಲದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

1867ರ ಸೆಪ್ಟೆಂಬರಿನಲ್ಲಿ ಸ್ವಿಸ್ ನಿಸರ್ಗವಿಜ್ಞಾನ ಸಂಘದ ಸಭೆಯಲ್ಲಿ ಸಿಮೋನ್ ಷ್ವೆಂಡನರ್ (1829-1919) ಲೈಕೆನ್‌ಗಳೆಲ್ಲವೂ ಶಿಲೀಂಧ್ರ ಮತ್ತು ಶೈವಲಗಳ ಕೂಟಗಳೆಂಬ ಅಭಿಪ್ರಾಯವನ್ನು ಮಂಡಿಸಿದನು. 1869ರಲ್ಲಿ ಪ್ರಕಟವಾದ ಅವನ ಕೃತಿ ಲೈಕೆನ್‌ಗಳ ಹಸಿರು ಕಣಗಳು ಸ್ವತಂತ್ರವಾಗಿ ಬದುಕುವ ಯಾವ ಯಾವ ಶೈವಲಗಳಿಗೆ ಸೇರಿದವೆಂದು ಗುಂಪುಗುಂಪಾಗಿ ಗುರುತಿಸಿತು. ಶಿಲೀಂಧ್ರವನ್ನು ಯಜಮಾನನಿಗೂ ಶೈವಲಗಳನ್ನು ಅವನ ಗುಲಾಮರಿಗೂ ಹೋಲಿಸಿದ್ದು ಷ್ವೆಂಡನರನೇ. ಜೇಡವು ತನ್ನ ಬೇಟೆಯನ್ನು ಸುತ್ತಿಕೊಳ್ಳುವಂತೆ ಶಿಲೀಂಧ್ರವು ಶೈವಲವನ್ನು ಎಳೆಗಳ ಬಲೆಯಲ್ಲಿ ಸುತ್ತಿಕೊಳ್ಳುತ್ತದೆ. ಆದರೆ ಕೊಲ್ಲದೆ ದುಡಿಸಿಕೊಳ್ಳುತ್ತದೆ ಎಂಬುದು ಅವನ ವಿವರಣೆಯ ಸಾರ.

ಪ್ರಾಯೋಗಿಕ ಸಮರ್ಥನೆ ಬೇಗನೆ ಬಂದಿತು. 1871ರಲ್ಲಿ ರೀಸ್ ಒಂದು ಲೈಕೆನ್‌ನ ಬೀಜಕಗಳನ್ನು ನಾಸ್ಟಾಕ್ ಶೈವಲದ ಮೇಲೆ ಬಿತ್ತಿ ಅವು ಒಳಹೊಗುವುದನ್ನು ಕಂಡನು. 1873ರಲ್ಲಿ ಫ್ರಾನ್ಸಿನ ಬೋರ್ನೆ ಅನೇಕ ಜಾತಿಗಳಲ್ಲಿ ಎಳೆಗಳೂ ಕಣಗಳೂ ಕೂಡುವ ಬಗೆಯನ್ನು ಚಿತ್ರಗಳ ಸಹಿತ ತೋರಿಸಿದನು. 1877ರಲ್ಲಿ ಅರ್ನ್ಸ್ಟ್ ಸ್ಟಾಲ್ ಒಂದು ಲೈಕೆನ್‌ನ ಬೀಜಕ ಮತ್ತು ಶೈವಲಗಳನ್ನು ಕೂಡಿಸಿ ಫಲಾಂಗ ಬಿಡುವ ಹಂತದವರೆಗೂ ಬೆಳೆಸಿದುದಾಗಿ ಪ್ರಕಟಿಸಿದನು.

5. ವಿರೋಧದ ನೆಲೆಗಳು

ಈ ಸಿದ್ಧಾಂತವನ್ನು ಅತ್ಯಂತ ತೀವ್ರವಾಗಿ ವಿರೋಧಿಸಿದವರು ಲೈಕೆನ್‌ಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಎಂಬುದು ಗಮನಾರ್ಹ. ಅವರಲ್ಲಿ ಮುಖ್ಯನು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಫಿನ್ಲೆಂಡಿನ ವಿಲಿಯಂ ನೈಲಾಂಡರ್ (1822-1899). 1866ರಲ್ಲಿ ಈತ ರಾಸಾಯನಿಕಗಳ ಹನಿಯಿಂದ ಲೈಕೆನ್‌ನ ಬಣ್ಣ ಬದಲಾಗುವುದನ್ನು ನೋಡಿ ಪ್ರಭೇದಗಳನ್ನು ಗುರುತಿಸುವ ವಿಧಾನವನ್ನು ಬಳಕೆಗೆ ತಂದನು. ಅದೇ ವರ್ಷ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಲೈಕೆನ್‌ಗಳನ್ನು ಕುರಿತು ಬರೆಯುತ್ತ ಅವು ಗಾಳಿಯ ಶುದ್ಧತೆಯನ್ನು ಅಳೆಯುವ ಸಾಧನಗಳಾಗಬಲ್ಲವೆಂದು ಸೂಚಿಸಿದನು. ಈ ಎರಡು ಕೊಡುಗೆಗಳೂ ಇಂದಿಗೂ ಉಪಯುಕ್ತವಾಗಿವೆ. ಆದರೆ ಷ್ವೆಂಡನರ್‌ನ ಸಿದ್ಧಾಂತವನ್ನು ನೈಲಾಂಡರ್ ಸಾಯುವವರೆಗೂ ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಪಾದ್ರಿಯೂ ಲೈಕೆನ್ ತಜ್ಞನೂ ಆಗಿದ್ದ ಜೇಮ್ಸ್ ಕ್ರಾಂಬಿ 1874ರಲ್ಲಿ ಇದನ್ನು ಸೆರೆಸಿಕ್ಕ ಶೈವಲ ಕನ್ಯೆಗೂ ದಬ್ಬಾಳಿಕೆಯ ಶಿಲೀಂಧ್ರ ಒಡೆಯನಿಗೂ ಮಾಡಿಸಿದ ಮದುವೆಯ ಕಟ್ಟುಕಥೆಯೆಂಬಂತೆ ಗೇಲಿ ಮಾಡಿದನು.

ಇದನ್ನು ಕೇವಲ ಹಟವೆಂದು ತಳ್ಳಿಹಾಕುವುದು ಚರಿತ್ರೆಗೆ ನ್ಯಾಯ ಸಲ್ಲಿಸಿದಂತಾಗದು. ಅವರ ಆಕ್ಷೇಪಕ್ಕೆ ತರ್ಕವಿತ್ತು. ಲೈಕೆನ್‌ಗೆ ಶಿಲೀಂಧ್ರದಲ್ಲಾಗಲಿ ಶೈವಲದಲ್ಲಾಗಲಿ ಪ್ರತ್ಯೇಕವಾಗಿ ಕಾಣದ ನಿಯತವಾದ ಆಕಾರವಿದೆ, ವಿಶಿಷ್ಟವಾದ ಆಮ್ಲಗಳಿವೆ, ದಶಕಗಳ ಕಾಲ ಬಂಡೆಯ ಮೇಲೆ ನಿಲ್ಲುವ ಬಾಳಿಕೆಯಿದೆ. ಪರಾವಲಂಬಿ ಹಿಡಿದ ಸಸ್ಯ ಸೊರಗುವುದು ಲೋಕಾನುಭವ. ಇಲ್ಲಿಯೋ ‘ಸೆರೆಯಾದ’ ಶೈವಲ ಹಸಿರಾಗಿಯೇ ಇದೆ. ಪರಾವಲಂಬನೆಯೆಂಬ ಒಂದೇ ಸಂಬಂಧವನ್ನು ಬಲ್ಲ ಪರಿಭಾಷೆಯಲ್ಲಿ ಈ ಸಂಗತಿಗಳಿಗೆ ಜಾಗವಿರಲಿಲ್ಲ. ಇನ್ನೊಂದು ಕಡೆ, ವೃತ್ತಿಯ ಪ್ರಶ್ನೆಯೂ ಇತ್ತು. ಲೈಕೆನ್ ಸ್ವತಂತ್ರ ಜೀವಿಯಲ್ಲವೆಂದಾದರೆ, ಸಾವಿರಾರು ಪ್ರಭೇದಗಳನ್ನು ವಿವರಿಸಿ ಹೆಸರಿಟ್ಟ ಒಂದು ಜೀವಮಾನದ ಕೆಲಸ ಯಾವುದರ ವಿವರಣೆಯಾಗಿ ಉಳಿಯುತ್ತದೆ? ಈ ಪ್ರಶ್ನೆಗೆ ಷ್ವೆಂಡನರ್ ಉತ್ತರ ಕೊಡಲಿಲ್ಲ. ಉತ್ತರ ಬರಲು ಎಂಬತ್ತು ವರ್ಷಗಳು ಹಿಡಿದವು.

6. ಸಂಬಂಧಕ್ಕೆ ಹೊಸ ಶಬ್ದಗಳು

ಮೇಲ್ಕಂಡ ವಾಗ್ವಾದ ನಡೆಯುತ್ತಿದ್ದ ದಶಕದಲ್ಲಿಯೇ ಜೀವಿಗಳ ಸಂಬಂಧಗಳನ್ನು ಹೆಸರಿಸುವ ಪ್ರಯತ್ನ ಪ್ರಾಣಿವಿಜ್ಞಾನದಲ್ಲಿಯೂ ನಡೆದಿತ್ತು. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾನಿಲಯದ ಪಿಯರ್-ಜೋಸೆಫ್ ವಾನ್ ಬೆನೆಡೆನ್ 1875ರ ತನ್ನ ಗ್ರಂಥದಲ್ಲಿ ಇನ್ನೊಂದರೊಡನೆ ಬಾಳುವ ಪ್ರಾಣಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು. ಆತಿಥೇಯನ ದೇಹವನ್ನೇ ತಿಂದು ಬಾಳುವವು ಪರಾವಲಂಬಿಗಳು; ಆತಿಥೇಯನ ಪಂಕ್ತಿಯಲ್ಲಿ ಕುಳಿತು ಉಣ್ಣುವವು, ಎಂದರೆ ಚಿಪ್ಪುಜೀವಿಯೊಳಗೆ ವಾಸಿಸುವ ಪುಟ್ಟ ಏಡಿಯಂಥವು, ಸಹಭೋಜಿಗಳು; ಪರಸ್ಪರ ಸೇವೆ ಸಲ್ಲಿಸುವವು ಅನ್ಯೋನ್ಯಜೀವಿಗಳು. ಈ ಮೂರನೆಯದಕ್ಕೆ ಅವನು ಆಯ್ದ ಫ್ರೆಂಚ್ ಶಬ್ದವು ಆಗಲೇ ಕಾರ್ಮಿಕರ ಪರಸ್ಪರ ಸಹಾಯ ಸಂಘಗಳ ಮೂಲಕವೂ ಪ್ರೂಧೋನನ ರಾಜಕೀಯ ಬರಹಗಳ ಮೂಲಕವೂ ಪರಿಚಿತವಾಗಿತ್ತು. ಯಜಮಾನ, ಗುಲಾಮ, ಪಂಕ್ತಿಭೋಜನ, ಪರಸ್ಪರ ಸೇವೆ ಇವೆಲ್ಲವೂ ಮಾನವ ಸಮಾಜದಿಂದ ಬಂದ ಮಾತುಗಳು. ಜೀವಿಗಳ ಸಂಬಂಧವನ್ನು ವಿವರಿಸುವ ಶಾಸ್ತ್ರವು ಆರಂಭದಿಂದಲೂ ಈ ಮಾತುಗಳ ಮೌಲ್ಯಭಾರವನ್ನು ಹೊತ್ತುಕೊಂಡೇ ಬಂದಿದೆ.

ಲೈಕೆನ್‌ಗಳ ಸಂದರ್ಭದಲ್ಲಿ ಈ ಭಾರವನ್ನು ಇಳಿಸುವ ಮೊದಲ ಯತ್ನ ಮಾಡಿದವನು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. 1877ರಲ್ಲಿ ತೊಗಟೆಯ ಮೇಲಿನ ಲೈಕೆನ್‌ಗಳನ್ನು ಕುರಿತು ಬರೆಯುತ್ತ, ಎರಡು ಪ್ರಭೇದಗಳು ಒಂದರ ಮೇಲೊಂದು ಅಥವಾ ಒಂದರೊಳಗೊಂದು ಬಾಳುವ ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ತಟಸ್ಥ ಶಬ್ದವೊಂದು ಬೇಕೆಂದು ಅವನು ಸೂಚಿಸಿದನು. ‘ಕೂಡಿ ಬಾಳುವುದು’ ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಆ ಶಬ್ದವನ್ನು ರಚಿಸಿದನು. ಮರುವರ್ಷ ಕಾಸೆಲ್ ನಗರದಲ್ಲಿ ಸೇರಿದ್ದ ಜರ್ಮನ್ ನಿಸರ್ಗವಿಜ್ಞಾನಿಗಳ ಮತ್ತು ವೈದ್ಯರ ಸಮ್ಮೇಳನದಲ್ಲಿ ದ ಬಾರಿ ‘ಸಿಂಬಯೋಸಿಸ್’ ಎಂಬ ವಿಷಯವಾಗಿಯೇ ಉಪನ್ಯಾಸ ಮಾಡಿದನು. ಆ ಉಪನ್ಯಾಸ 1879ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಚ್ಚಾಯಿತು.

ದ ಬಾರಿಯ ವ್ಯಾಖ್ಯೆಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅವನು ಸಹಜೀವನದೊಳಗೆ ಪರಾವಲಂಬನೆಯನ್ನೂ ಸೇರಿಸಿದನು. ಕೂಡಿ ಬಾಳುವುದೆಂದರೆ ಒಳಿತಾಗುವಂತೆ ಬಾಳುವುದೆಂದು ಅವನು ಹೇಳಲಿಲ್ಲ. ಪೂರ್ಣ ಪರಾವಲಂಬನೆ ಒಂದು ಕೊನೆ, ಪರಸ್ಪರ ಉಪಕಾರ ಇನ್ನೊಂದು ಕೊನೆ, ನಡುವೆ ಹಲವು ಮೆಟ್ಟಿಲುಗಳು. ಎರಡನೆಯದಾಗಿ, ಕೂಡಿ ಬಾಳುವ ಜೀವಿಗಳನ್ನು ಅವನು ‘ಬೇರೆ ಹೆಸರಿನವು’ ಎಂಬ ಅರ್ಥ ಬರುವ ಜರ್ಮನ್ ವಿಶೇಷಣದಿಂದ ಗುರುತಿಸಿದನು. ಎಂದರೆ, ಎರಡು ಹೆಸರುಗಳಿಲ್ಲದೆ ಸಹಜೀವನವನ್ನು ಹೇಳಲು ಬಾರದು. 1866ಕ್ಕೆ ಮುಂಚೆ ಲೈಕೆನ್‌ಗೆ ಒಂದೇ ಹೆಸರಿದ್ದಾಗ ಅಲ್ಲಿ ಸಂಬಂಧವೂ ಇರಲಿಲ್ಲ. ಗೊನಿಡಿಯ ಮತ್ತು ಎಳೆ ಒಂದೇ ದೇಹದ ಅಂಗಗಳಾಗಿದ್ದವು. ಅಂಗಕ್ಕೆ ಬೇರೆ ಹೆಸರು ದೊರೆತ ಕ್ಷಣದಲ್ಲಿ ಅದು ಪಾಲುದಾರನಾಯಿತು. ಈ ದೃಷ್ಟಿಯಿಂದ ನೋಡಿದರೆ ವರ್ಗೀಕರಣವು ಸಂಬಂಧದ ವಿವರಣೆಗೆ ಪೀಠಿಕೆಯಾಗಿರುವುದಷ್ಟೇ ಅಲ್ಲದೆ ಆ ವಿವರಣೆಯ ಒಂದು ಭಾಗವೂ ಆಗಿದೆ.

7. ಹೆಸರು ಯಾರಿಗೆ ಸಲ್ಲಬೇಕು?

ಸಿದ್ಧಾಂತ ಒಪ್ಪಿತವಾದ ಮೇಲೆಯೂ ವರ್ಗೀಕರಣ ಕೂಡಲೇ ಬದಲಾಗಲಿಲ್ಲ. ವಿಯೆನ್ನಾದ ಜಾಲ್‌ಬ್ರುಕ್ನರ್ 1920 ಮತ್ತು 1930ರ ದಶಕಗಳಲ್ಲಿ ಹತ್ತು ಸಂಪುಟಗಳಲ್ಲಿ ಪ್ರಕಟಿಸಿದ ಜಗತ್ತಿನ ಲೈಕೆನ್‌ಗಳ ಸೂಚಿಯು ಅವನ್ನು ಪ್ರತ್ಯೇಕ ಗುಂಪಾಗಿಯೇ ಕಂಡಿತು. ಅದೇ ಕಾಲದಲ್ಲಿ ಅವುಗಳೊಳಗಿನ ಶೈವಲಗಳಿಗೆ ಸ್ವಂತ ಹೆಸರುಗಳು ದೊರೆಯುತ್ತಿದ್ದವು. ಅನೇಕ ಲೈಕೆನ್‌ಗಳಲ್ಲಿ ಕಾಣುವ ಹಸಿರು ಶೈವಲಕ್ಕೆ 1924ರಲ್ಲಿ ಟ್ರೆಬೌಕ್ಸಿಯ ಎಂಬ ಜಾತಿನಾಮ ಬಂದಿತು. ಹೀಗೆ ಶೈವಲಕ್ಕೊಂದು ಹೆಸರು, ಲೈಕೆನ್‌ಗೊಂದು ಹೆಸರು ಇದ್ದು, ಶಿಲೀಂಧ್ರಕ್ಕೆ ಪ್ರತ್ಯೇಕ ಹೆಸರಿಲ್ಲದ ಸ್ಥಿತಿ ಉಂಟಾಯಿತು. ಶಿಲೀಂಧ್ರಕ್ಕೆ ಬೇರೆ ಹೆಸರನ್ನು ಕೊಡಬೇಕೆಂಬ ಪ್ರಯತ್ನಗಳೂ ನಡೆದವು. ಅವನ್ನು ಒಪ್ಪಿದ್ದರೆ ಸಾವಿರಾರು ಹೆಸರುಗಳು ಇಮ್ಮಡಿಯಾಗಬೇಕಿತ್ತು.

1950ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನವು ಈ ತೊಡಕನ್ನು ನಿಯಮದ ಮೂಲಕ ಬಿಡಿಸಿತು. ಲೈಕೆನ್‌ಗಳಿಗೆ ಕೊಟ್ಟ ಹೆಸರುಗಳು ನಾಮಕರಣದ ಮಟ್ಟಿಗೆ ಅವುಗಳ ಶಿಲೀಂಧ್ರ ಭಾಗಕ್ಕೆ ಸಲ್ಲುತ್ತವೆ ಎಂಬುದು ಆ ನಿಯಮದ ತಾತ್ಪರ್ಯ. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಸಂಹಿತೆಯ ಶೀರ್ಷಿಕೆಯೇ ಶೈವಲ, ಶಿಲೀಂಧ್ರ ಮತ್ತು ಸಸ್ಯಗಳ ನಾಮಕರಣ ಸಂಹಿತೆ ಎಂದು ಬದಲಾಯಿತು. ಲೈಕೆನ್‌ಗಳ ಕುರಿತ ನಿಯಮ ಹಾಗೆಯೇ ಉಳಿದಿದೆ. ನೈಲಾಂಡರ್ ಕೇಳಿದಂತಹ ಪ್ರಶ್ನೆಗೆ ಇದೇ ಉತ್ತರ. ಹಳಬರ ಹೆಸರುಗಳು ಅಳಿಯಲಿಲ್ಲ. ಆದರೆ ಅವರು ಯಾವುದಕ್ಕೆ ಹೆಸರಿಟ್ಟಿದ್ದೇವೆಂದು ತಿಳಿದಿದ್ದರೋ ಅದರಿಂದ ಜಾರಿ ಅದರ ಒಂದು ಪಾಲಿಗೆ ಸೇರಿದವು. ಹಡ್ಸನ್ 1762ರಲ್ಲಿ ಕಂಡ ಬೂದುಬಣ್ಣದ ಸುರುಳಿಗೆ ಈಗ ಸಂಹಿತೆಯ ಪ್ರಕಾರ ಹೆಸರಿಲ್ಲ. ಅದರೊಳಗಿನ ಶಿಲೀಂಧ್ರಕ್ಕೆ ಪಾರ್ಮೊಟ್ರೀಮ ಪರ್ಲೇಟಮ್ ಎಂಬ ಹೆಸರಿದೆ, ಶೈವಲಕ್ಕೆ ಅದರದೇ ಹೆಸರಿದೆ, ಎರಡೂ ಕೂಡಿ ಆದ ದೇಹಕ್ಕಿಲ್ಲ.

ಈ ನಿಯಮದ ಪರಿಣಾಮಗಳು ಕೆಲವೊಮ್ಮೆ ವಿಚಿತ್ರವಾಗಿ ತೋರುತ್ತವೆ. ಸ್ಟಿಕ್ಟ ಎಂಬ ಜಾತಿಯ ಕೆಲವು ಶಿಲೀಂಧ್ರಗಳು ಹಸಿರು ಶೈವಲದೊಡನೆ ಕೂಡಿದಾಗ ಅಗಲವಾದ ಎಲೆಯಂತೆಯೂ, ನೀಲಿ-ಹಸಿರು ಶೈವಲದೊಡನೆ ಕೂಡಿದಾಗ ಕವಲೊಡೆದ ಪುಟ್ಟ ಪೊದೆಯಂತೆಯೂ ಬೆಳೆಯುತ್ತವೆ. ಪೊದೆಯ ರೂಪವನ್ನು ಹಿಂದೆ ಡೆಂಡ್ರಿಸ್ಕೊಕೌಲಾನ್ ಎಂಬ ಬೇರೆಯೇ ಜಾತಿಯೆಂದು ಎಣಿಸಿದ್ದರು. ಶಿಲೀಂಧ್ರ ಒಂದೇ ಎಂದು ತಿಳಿದ ಮೇಲೆ ಎರಡಕ್ಕೂ ಒಂದೇ ಹೆಸರು ಸಲ್ಲಬೇಕಾಯಿತು. ಕಣ್ಣಿಗೆ ಕಾಣುವ ಆಕಾರವು ಜೊತೆಗಾರನನ್ನು ಅವಲಂಬಿಸಿದೆ, ಹೆಸರು ಮಾತ್ರ ಅವಲಂಬಿಸಿಲ್ಲ.

ಇದೇ ಅವಧಿಯಲ್ಲಿ ಜೀವಲೋಕದ ದೊಡ್ಡ ವಿಭಾಗಗಳೂ ಬದಲಾದವು. 1969ರಲ್ಲಿ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ಪದ್ಧತಿಯಲ್ಲಿ ಶಿಲೀಂಧ್ರಗಳು ಸಸ್ಯಗಳಿಂದ ಬೇರ್ಪಟ್ಟವು. ಅಣುಜೀವವಿಜ್ಞಾನದ ಸಾಕ್ಷ್ಯಗಳು ಅವು ಸಸ್ಯಗಳಿಗಿಂತ ಪ್ರಾಣಿಗಳಿಗೆ ಹತ್ತಿರವೆಂದು 1990ರ ದಶಕದಲ್ಲಿ ತೋರಿಸಿದವು. ಹೀಗಾಗಿ ಒಂದು ಲೈಕೆನ್‌ನೊಳಗೆ ಜೀವವೃಕ್ಷದ ಅತಿ ದೂರದ ಕೊಂಬೆಗಳು ಕೂಡಿರುತ್ತವೆ. ಸಾಮ್ರಾಜ್ಯಗಳ ಗಡಿಯನ್ನು ದಾಟಿದ ಈ ಕೂಟದ ಅನುಭವವು ವಿಕಾಸವಾದದ ಮೇಲೂ ಪ್ರಭಾವ ಬೀರಿತು. ಸಸ್ಯಕೋಶದ ಹರಿತ್ಕಣವು ಮೂಲತಃ ಒಳಸೇರಿದ ಸ್ವತಂತ್ರ ಜೀವಿಯೆಂದು 1905ರಲ್ಲಿ ವಾದಿಸಿದ ರಷ್ಯದ ಮೆರೆಷ್ಕೋವ್‌ಸ್ಕಿ ಲೈಕೆನ್‌ಗಳ ಅಭ್ಯಾಸಿಯೂ ಆಗಿದ್ದನು. 1967ರಲ್ಲಿ ಲಿನ್ ಮಾರ್ಗುಲಿಸ್ ಅವರು ಈ ವಾದವನ್ನು ಹೊಸ ಸಾಕ್ಷ್ಯಗಳೊಡನೆ ಪುನಃ ಮಂಡಿಸಿದರು. ಇಂದು ಅದು ಜೀವವಿಜ್ಞಾನದ ಸ್ವೀಕೃತ ಭಾಗವಾಗಿದೆ.

8. ಇತ್ತೀಚಿನ ಬೆಳವಣಿಗೆ

ಶೈವಲ ಮತ್ತು ಶಿಲೀಂಧ್ರಗಳ ನಡುವಣ ಕೊಡುಕೊಳೆಯ ಸ್ವರೂಪ 1960ರ ದಶಕದಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳ ಪ್ರಯೋಗಗಳಿಂದ ಸ್ಪಷ್ಟವಾಯಿತು. ಶೈವಲವು ಬೆಳಕಿನಿಂದ ತಯಾರಿಸಿದ ಶರ್ಕರ ಪದಾರ್ಥದ ದೊಡ್ಡ ಪಾಲು ಶಿಲೀಂಧ್ರಕ್ಕೆ ಹರಿದುಹೋಗುತ್ತದೆ. ಶಿಲೀಂಧ್ರವು ಆಶ್ರಯವನ್ನೂ ತೇವವನ್ನೂ ಒದಗಿಸುತ್ತದೆಂಬುದು ನಿಜ. ಆದರೆ ಲೈಕೆನ್‌ನೊಳಗಿನ ಶೈವಲ ಹೊರಗಿನದಕ್ಕಿಂತ ನಿಧಾನವಾಗಿ ಬೆಳೆಯುತ್ತದೆ. ಆದ್ದರಿಂದ ಅಮೆರಿಕದ ವರ್ನನ್ ಅಹ್ಮದ್‌ಜಿಯನ್ ಅವರು ಇದನ್ನು ಹಿಡಿತದಲ್ಲಿಟ್ಟ ಪರಾವಲಂಬನೆಯೆಂದೇ ವರ್ಣಿಸಿದರು. ಷ್ವೆಂಡನರ್‌ನ ಯಜಮಾನ ಪೂರ್ಣವಾಗಿ ನಿರ್ಗಮಿಸಿಲ್ಲ.

2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಸಂಶೋಧನೆ ಇನ್ನೊಂದು ಸಂಗತಿಯನ್ನು ಮುಂದಿಟ್ಟಿತು. ಉತ್ತರ ಅಮೆರಿಕದಲ್ಲಿ ಮರಗಳಿಂದ ಜೋಲುವ ಬ್ರಯೋರಿಯ ಜಾತಿಯ ಎರಡು ಲೈಕೆನ್‌ಗಳಲ್ಲಿ ಒಂದು ಕಂದು, ಇನ್ನೊಂದು ಹಳದಿ. ಕಂದು ಬಣ್ಣದ್ದನ್ನು ಅಲ್ಲಿನ ಮೂಲನಿವಾಸಿಗಳು ಆಹಾರವಾಗಿ ಬಳಸುತ್ತಿದ್ದರು. ಹಳದಿಯದರಲ್ಲಿ ವಲ್ಪಿನಿಕ್ ಆಮ್ಲವೆಂಬ ವಿಷವಿದೆ. ಆದರೆ ಎರಡರ ಮುಖ್ಯ ಶಿಲೀಂಧ್ರವೂ ಶೈವಲವೂ ಒಂದೇ ಎಂದು ತಿಳಿದುಬಂದಿತ್ತು. ಹೊರಪದರದಲ್ಲಿ ಬೇರೆ ಗುಂಪಿಗೆ ಸೇರಿದ ಮೂರನೆಯ ಜೀವಿಯೊಂದು, ಯೀಸ್ಟ್ ರೂಪದ ಶಿಲೀಂಧ್ರ, ಇರುವುದನ್ನೂ ಅದು ಹಳದಿ ಲೈಕೆನ್‌ನಲ್ಲಿ ಹೇರಳವಾಗಿರುವುದನ್ನೂ ಈ ಸಂಶೋಧಕರು ತೋರಿಸಿದರು. ಎಲ್ಲ ಲೈಕೆನ್‌ಗಳಲ್ಲಿಯೂ ಇಂತಹ ಯೀಸ್ಟ್ ಇಲ್ಲವೆಂದು ಅನಂತರದ ವ್ಯಾಪಕ ಪರಿಶೀಲನೆಗಳು ಸೂಚಿಸಿವೆ; ಅದರ ಪಾತ್ರದ ಚರ್ಚೆ ಮುಗಿದಿಲ್ಲ. ಆದರೆ ಎರಡು ಹೆಸರುಗಳಿಂದ ಲೈಕೆನ್‌ನ ಲೆಕ್ಕ ಪೂರ್ತಿಯಾಯಿತೆಂಬ ನಂಬಿಕೆ ಸಡಿಲಗೊಂಡಿದೆ.

9. ಕನ್ನಡದ ಪರಿಭಾಷೆ

ಭಾರತದಲ್ಲಿ ಲೈಕೆನ್‌ಗಳ ವ್ಯವಸ್ಥಿತ ಅಧ್ಯಯನಕ್ಕೆ ತಳಹದಿ ಹಾಕಿದವರು ಲಖನೌ ವಿಶ್ವವಿದ್ಯಾನಿಲಯದ ಡಿ. ಡಿ. ಅವಸ್ಥಿ ಅವರು. ಅವರ ಸೂಚಿ 1965ರಲ್ಲಿ ಪ್ರಕಟವಾಯಿತು. ಪುಣೆಯ ಅಘಾರ್ಕರ್ ಸಂಶೋಧನ ಸಂಸ್ಥೆಯಲ್ಲಿಯೂ ಲೈಕೆನ್‌ಗಳ ದೊಡ್ಡ ಸಂಗ್ರಹವಿದೆ. ದೇಶದಲ್ಲಿ ಈಗ 2,500ಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಪಶ್ಚಿಮ ಘಟ್ಟಗಳು ಅವುಗಳ ಮುಖ್ಯ ನೆಲೆಗಳಲ್ಲೊಂದು. ಕನ್ನಡದಲ್ಲಿ ಸಸ್ಯವಿಜ್ಞಾನದ ವಿಚಾರಗಳನ್ನು ಸಾಹಿತ್ಯಕ್ಕೆ ತಂದ ಬಿ. ಜಿ. ಎಲ್. ಸ್ವಾಮಿ ಅವರೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡೇ ಆ ಕೆಲಸ ಮಾಡಿದರು. ಅವರ ‘ಹಸುರು ಹೊನ್ನು’ (1976) ಸಸ್ಯಗಳ ಹೆಸರುಗಳ ಬಗೆಗೆ ಕನ್ನಡ ಓದುಗರಲ್ಲಿ ಕುತೂಹಲ ಹುಟ್ಟಿಸಿದ ಕೃತಿ. ಆದ್ದರಿಂದ ಈ ಚರಿತ್ರೆಯ ಬೆಳಕಿನಲ್ಲಿ ಕನ್ನಡದ ಪರಿಭಾಷೆಯನ್ನು ಪರಿಶೀಲಿಸುವುದು ಹೊರನಾಡಿನ ಅಧ್ಯಯನಪೀಠಗಳಿಗೆ ಹೊರತಾದ ಕೆಲಸವಲ್ಲ.

ಮೊದಲನೆಯದಾಗಿ, ‘ಸಹಜೀವನ’ ಎಂಬ ಶಬ್ದ. ಕನ್ನಡದ ಪಠ್ಯಗಳಲ್ಲಿ ಇದನ್ನು ಎರಡೂ ಜೀವಿಗಳಿಗೆ ಲಾಭವಾಗುವ ಸಂಬಂಧ ಎಂಬ ಅರ್ಥದಲ್ಲಿ ಬಳಸುವುದೇ ಹೆಚ್ಚು. ‘ಸಹ’ ಎಂಬ ಪದಕ್ಕೆ ಸಹಕಾರ, ಸಹಾನುಭೂತಿಗಳ ನೆರೆಹೊರೆಯಿರುವುದು ಇದಕ್ಕೆ ಇಂಬು ಕೊಟ್ಟಿರಬಹುದು. ಇಂಗ್ಲಿಷಿನಲ್ಲಿಯೂ ಇದೇ ಅರ್ಥಸಂಕೋಚ ಆಗಿದೆ. ಆದರೆ ಸಂಕುಚಿತಾರ್ಥಕ್ಕೆ ‘ಅನ್ಯೋನ್ಯಜೀವನ’ ಅಥವಾ ‘ಪರಸ್ಪರಾವಲಂಬನೆ’ ಎಂಬ ಶಬ್ದಗಳು ನಮ್ಮಲ್ಲಿವೆ. ‘ಸಹಜೀವನ’ವನ್ನು ದ ಬಾರಿಯ ವಿಶಾಲಾರ್ಥಕ್ಕೆ ಮೀಸಲಿಟ್ಟು, ಪರಾವಲಂಬನೆ, ಸಹಭೋಜನ, ಅನ್ಯೋನ್ಯಜೀವನಗಳನ್ನು ಅದರ ಒಳಭೇದಗಳೆಂದು ಹೇಳುವುದು ಯುಕ್ತ. ಲೈಕೆನ್‌ನಂತಹ ಉದಾಹರಣೆಯಲ್ಲಿ ಯಾರಿಗೆ ಎಷ್ಟು ಲಾಭವೆಂಬುದು ಇನ್ನೂ ಚರ್ಚೆಯಲ್ಲಿರುವಾಗ, ವ್ಯಾಖ್ಯೆಯಲ್ಲಿಯೇ ತೀರ್ಪನ್ನು ಸೇರಿಸುವುದು ವಿದ್ಯಾರ್ಥಿಯ ದಾರಿ ತಪ್ಪಿಸುತ್ತದೆ.

ಎರಡನೆಯದಾಗಿ, ‘ಕಲ್ಲುಹೂವು’. ಪದಕೋಶಗಳಲ್ಲಿ ಇದರ ಮುಂದೆ ಒಂದು ಲ್ಯಾಟಿನ್ ಹೆಸರನ್ನು ಬರೆದು ಸಮಾನವೆಂದು ತೋರಿಸುವ ರೂಢಿ ಎರಡು ಕಾರಣಗಳಿಂದ ಸರಿಯಲ್ಲ. ಮಾರುಕಟ್ಟೆಯ ಕಲ್ಲುಹೂವು ಹಲವು ಪ್ರಭೇದಗಳ ಮಿಶ್ರಣವೆಂಬುದು ಒಂದು. ಅದಕ್ಕಿಂತ ಮುಖ್ಯವಾದುದು, ಲ್ಯಾಟಿನ್ ಹೆಸರು 1950ರ ನಿಯಮದಂತೆ ಶಿಲೀಂಧ್ರದ ಹೆಸರು. ಕಲ್ಲುಹೂವಾದರೋ ಕೈಗೆ ಸಿಗುವ, ಮೂಗಿಗೆ ಪರಿಮಳ ಕೊಡುವ ಕೂಡುದೇಹದ ಹೆಸರು. ಶೈವಲ, ಶಿಲೀಂಧ್ರ, ಶೈಲೇಯ ಎಂಬ ಮೂರು ಶಬ್ದಗಳು ಕಿವಿಗೆ ಹತ್ತಿರವಾದರೂ ಅರ್ಥದಲ್ಲಿ ಬೇರೆ. ಮೊದಲಿನ ಎರಡು ಪಾಲುದಾರರನ್ನೂ ಮೂರನೆಯದು ಇಡಿಯ ಕೂಟವನ್ನೂ ಸೂಚಿಸುತ್ತವೆ. ಕಲ್ಲುಹೂವು ಈ ಮೂರನೆಯದರ ಸಾಲಿಗೆ ಸೇರಿದ ಶಬ್ದ.

ಲೋಕರೂಢಿಯ ಹೆಸರು ಶಾಸ್ತ್ರದ ಹೆಸರಿಗಿಂತ ಮೇಲೆಂದು ಇದರಿಂದ ಹೇಳಿದಂತಾಗುವುದಿಲ್ಲ. ಕಲ್ಲುಹೂವು ಹೂವಲ್ಲ, ಅನೇಕ ವೇಳೆ ಕಲ್ಲಿನ ಮೇಲಿನದೂ ಅಲ್ಲ. ಆದರೆ ಸಂಹಿತೆಯು ಅನಾಮಿಕವಾಗಿ ಬಿಟ್ಟುದಕ್ಕೆ ಕನ್ನಡದಲ್ಲಿ ಒಂದು ಹೆಸರು ಉಳಿದಿದೆ. ಲೈಕೆನ್ ಎಂಬ ಸಾಮಾನ್ಯ ಪರಿಕಲ್ಪನೆಗೆ ಆ ಹೆಸರನ್ನು ಪಾರಿಭಾಷಿಕವಾಗಿ ಸ್ವೀಕರಿಸಿ, ಪ್ರಭೇದನಾಮಗಳನ್ನು ಶಿಲೀಂಧ್ರಕ್ಕೆ ಸಲ್ಲುವವೆಂದು ಸ್ಪಷ್ಟವಾಗಿ ಹೇಳಿದರೆ ಎರಡಕ್ಕೂ ಅವುಗಳ ಸ್ಥಾನ ದೊರೆಯುತ್ತದೆ. ಮರಾಠಿ, ತೆಲುಗು, ತಮಿಳು ಭಾಷೆಗಳ ಪರಿಭಾಷಾ ಕೋಶಗಳಲ್ಲಿ ಇದೇ ತೊಡಕನ್ನು ಹೇಗೆ ನಿರ್ವಹಿಸಿದ್ದಾರೆಂಬುದನ್ನು ಆಯಾ ನಗರಗಳಲ್ಲಿರುವ ಕನ್ನಡ ಸಂಶೋಧಕರು ಹೋಲಿಸಿ ನೋಡಿದರೆ ಈ ಚರ್ಚೆಗೆ ಉಪಯುಕ್ತವಾದ ಸಾಮಗ್ರಿ ದೊರೆಯುವುದೆಂದು ಭಾವಿಸಬಹುದು.